ಕುಂಡದಾಗಿನ ಗಿಡ, ಹೊಲದಾಗಿನ ಗಿಡ

“ಏನ್ರೀ ಮಾಸ್ತರ್ರ, ಆ ಕೂಸಿಗೆ ಯಾಕ ತಂತಿ ಸುತ್ತಲಿಕತ್ತೀರಿ?”

ಗೋಡೆಯಾಚೆಯಿಂದ ಕಾಕಾ ಕೇಳಿದರು. ಬಾಯಲ್ಲಿ ಬೇವಿನ ಕಡ್ಡಿ, ಹೆಗಲ ಮೇಲೆ ಟವೆಲ್. ನಮ್ಮ ಎರಡು ಮನೆಗಳ ನಡುವಿನ ಗೋಡೆ ಎದೆಮಟ್ಟದ್ದು. ಮಕ್ತಲ್‌ನ ಈ ಓಣಿಗೆ ನಾನು ಬಂದಾಗಿನಿಂದ ನಮ್ಮ ಮಾತೆಲ್ಲ ಆ ಗೋಡೆಯ ಮೇಲೆ ಮೊಣಕೈ ಊರಿಯೇ ನಡೆದಿದೆ. ಮಳೆ ಬಂತೋ ಇಲ್ಲವೋ, ತೊಗರಿಯ ಧಾರಣೆ ಏನಾಯಿತು, ಯಾರ ಮನೆಯ ಮದುವೆ ಯಾವ ಊರಲ್ಲಿ, ಎಲ್ಲವೂ ಆ ಗೋಡೆಗೆ ಗೊತ್ತು.

ಅಂದು ನಾನು ಹುಣಸೆ ಗಿಡದ ಒಂದು ಟೊಂಗೆಗೆ ಅಲ್ಯುಮಿನಿಯಂ ತಂತಿ ಸುತ್ತುತ್ತಿದ್ದೆ. ಹನ್ನೊಂದು ವರ್ಷದ ಗಿಡ. ಎತ್ತರ ಒಂದು ಮೊಳಕ್ಕಿಂತ ನಾಲ್ಕು ಬೆರಳು ಹೆಚ್ಚು.

“ಟೊಂಗಿ ಬಾಗಲಿ ಅಂತ ಕಾಕಾ. ಒಂದೆರಡು ತಿಂಗಳಿಗೆ ಬಿಚ್ಚತೀನ್ರಿ.”

“ಬಾಗಿ ಏನಾಗಬೇಕು?”

ಇದು ಸಣ್ಣ ಪ್ರಶ್ನೆಯಲ್ಲ. ಬೊನ್ಸಾಯ್ ಮಾಡುವವರು ಯಾರೇ ಆಗಲಿ, ಇದಕ್ಕೆ ಉತ್ತರ ಹೇಳಲು ಬರಬೇಕು. ಟೊಂಗೆ ಬಾಗಿ ಏನಾಗಬೇಕು? ಪುಸ್ತಕದ ಚಿತ್ರದಂತೆ ಆಗಬೇಕೋ, ಹೊಲದ ಬದುವಿನ ಮೇಲಿರುವ ಹುಣಸೆಯಂತೆ ಆಗಬೇಕೋ? ನನಗೆ ಈ ಉತ್ತರ ಸಿಗಲು ಬಹಳ ವರ್ಷ ಹಿಡಿಯಿತು. ಅದರಲ್ಲಿ ಕಾಕಾನ ಪಾಲೂ ಇದೆ, ಹೂಸ್ಟನ್‌ನಲ್ಲಿರುವ ಅವರ ಮೊಮ್ಮಗನ ಪಾಲೂ ಇದೆ.

ಮೊದಲು ಒಂದು ಮಾತು. ನಮ್ಮ ಕಡೆ ಮರಕ್ಕೆ ಮರ ಅನ್ನುವುದಿಲ್ಲ, ಗಿಡ ಅನ್ನುತ್ತೇವೆ. “ಮರ ತಗೊಂಡು ಬಾ” ಅಂದರೆ ಹುಡುಗಿ ಒಳಗೆ ಹೋಗಿ ಜೋಳ ಹಸನು ಮಾಡುವ ಮೊರ ತಂದು ಕೊಡುತ್ತಾಳೆ. ನಾಲ್ಕು ಆಳು ತಬ್ಬಿದರೂ ತಬ್ಬಲಾಗದ ಹುಣಸೆಯೂ ನಮಗೆ ಹುಣಸಿ ಗಿಡವೇ, ಕುಂಡದಲ್ಲಿನ ತುಳಸಿಯೂ ಗಿಡವೇ. ದೊಡ್ಡದಕ್ಕೆ ಒಂದು ಹೆಸರು, ಸಣ್ಣದಕ್ಕೆ ಒಂದು ಹೆಸರು ಎಂಬ ಭೇದ ನಮ್ಮ ನಾಲಿಗೆಗೆ ಇಲ್ಲ. ಬೊನ್ಸಾಯ್ ಕಲೆಯ ತಿರುಳು ಈ ನಾಲಿಗೆಯಲ್ಲೇ ಇದೆ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಜಪಾನಿ ಮಾತಿನಲ್ಲಿ ‘ಬೊನ್’ ಅಂದರೆ ಆಳವಿಲ್ಲದ ತಟ್ಟೆಯಂಥ ಪಾತ್ರೆ, ‘ಸಾಯ್’ ಅಂದರೆ ನೆಡುವುದು. ಆ ತಟ್ಟೆಯಲ್ಲಿ ನಿಂತದ್ದು ದೊಡ್ಡ ಗಿಡದ ಮರಿಯಲ್ಲ, ದೊಡ್ಡ ಗಿಡವೇ. ವಾಮನನ ಒಳಗೆ ತ್ರಿವಿಕ್ರಮ ಇದ್ದ ಹಾಗೆ. ಇದನ್ನು ವಾಮನ ವೃಕ್ಷ ಎಂದು ಕರೆಯುವವರು ಸುಮ್ಮನೆ ಕರೆದಿಲ್ಲ.

ಆದರೆ ಮೊದಮೊದಲು ನಾನು ಮಾಡಿದ್ದು ತಪ್ಪು. ಹೈದರಾಬಾದಿನ ಅಬಿಡ್ಸ್‌ನಲ್ಲಿ ಭಾನುವಾರ ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕ ಹಾಸಿಕೊಂಡು ಕೂಡುತ್ತಾರಲ್ಲ, ಅಲ್ಲಿ ಒಂದು ಬೊನ್ಸಾಯ್ ಪುಸ್ತಕ ಸಿಕ್ಕಿತ್ತು. ಅದರ ತುಂಬ ಪೈನ್ ಗಿಡಗಳು. ಕಾಂಡ ಹಾವಿನಂತೆ ಬಳುಕಬೇಕು, ಮೊದಲ ಟೊಂಗೆ ಎಡಕ್ಕೆ, ಎರಡನೆಯದು ಬಲಕ್ಕೆ, ಮೂರನೆಯದು ಹಿಂದಕ್ಕೆ, ಒಟ್ಟು ಆಕಾರ ತ್ರಿಕೋನ. ಲೆಕ್ಕ ತಪ್ಪದ ಹಾಗೆ ನಾನು ನನ್ನ ಮೊದಲ ಹುಣಸೆಯನ್ನು ಹಾಗೇ ಕಟ್ಟಿದೆ. ಐದು ವರ್ಷ ಆರೈಕೆ ಮಾಡಿದೆ. ನೋಡಲು ಅಚ್ಚುಕಟ್ಟಾಗಿತ್ತು. ಒಂದು ದಿನ ಕಾಕಾ ಗೋಡೆಯಾಚೆಯಿಂದ ಅದನ್ನೇ ನೋಡುತ್ತ ನಿಂತರು. “ಚಲೋ ಅದರಿ. ಯಾವ ಗಿಡರಿ ಇದು?” ಅಂದರು.

ಹುಟ್ಟಿದಾಗಿನಿಂದ ಹುಣಸೆಯ ನೆರಳಲ್ಲಿ ಬೆಳೆದ, ಹುಣಸೆ ಬಡಿದು, ಹುಳಿ ಮಾರಿ ಮಗಳ ಮದುವೆಗೆ ದುಡ್ಡು ಕೂಡಿಸಿದ ಮನುಷ್ಯ ನನ್ನ ಹುಣಸೆಯನ್ನು ಗುರುತಿಸಲಿಲ್ಲ. ಎಲೆ ಹುಣಸೆಯದೇ, ತೊಗಟೆ ಹುಣಸೆಯದೇ, ನಿಲುವು ಮಾತ್ರ ಬೇರೆ ದೇಶದ್ದು. ಗಿಡಕ್ಕೆ ನಾನು ಅದರದಲ್ಲದ ವೇಷ ಹಾಕಿದ್ದೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದಾದ ಮರುವರ್ಷ ಕಾಕಾನ ಮೊಮ್ಮಗ ವಿಡಿಯೊ ಕಾಲ್ ಮಾಡಿದ್ದ. ಅವನಿಗೂ ಈ ಹುಚ್ಚು ಹಿಡಿದಿದೆ. ಕಾಕಾ ಫೋನನ್ನು ಗೋಡೆಯ ಮೇಲಿಟ್ಟರು, ಇಬ್ಬರೂ ಬಗ್ಗಿ ನೋಡಿದೆವು. ಹುಡುಗ ತನ್ನ ಅಂಗಳದ ಒಂದು ಗಿಡ ತೋರಿಸಿದ. ನೀರು ತುಂಬಿದ ಬೋಗುಣಿಯಲ್ಲಿ ಕುಂಡ. ನೆಟ್ಟಗೆ ನಿಂತ ಕಾಂಡ, ಬುಡ ಆನೆಗಾಲಿನಂತೆ ಅಗಲ. ಮೇಲೆ ಹೋಗುತ್ತ ಸಣ್ಣಗಾಗಿ, ತುದಿಯಲ್ಲಿ ಎರಡು-ಮೂರು ಟೊಂಗೆ ಒಡೆದು, ಕೊಡೆ ಬಿಚ್ಚಿದ ಹಾಗೆ ಚಪ್ಪಟೆಯಾಗಿ ಹರಡಿತ್ತು.

“ಬಿಳಿಜಾಲಿ ಅಲ್ಲೇನೋ ಇದು?” ಅಂದರು ಕಾಕಾ. “ಪಂಚದೇವ ಪಹಾಡದ ದಾರ್ಯಾಗ ನಿಂತಿರತಾವಲ್ಲ!”

“ಅಲ್ಲ ತಾತಾ, ಇದು ಬಾಲ್ಡ್ ಸೈಪ್ರೆಸ್” ಅಂದ ಹುಡುಗ.

ಬಾಲ್ಡ್ ಅಂದರೆ ಬೋಳು. ಈ ಗಿಡದ ಕಥೆ ಕೇಳುವಂಥದ್ದು. ಅಮೆರಿಕದ ದಕ್ಷಿಣ-ಪೂರ್ವದ ಜವುಗು ನೆಲ ಇದರ ತವರು. ಲೂಸಿಯಾನ ರಾಜ್ಯದ ಗುರುತಿನ ಮರ ಇದೇ. ಪೈನ್, ದೇವದಾರುಗಳ ಬಳಗಕ್ಕೆ ಸೇರಿದ್ದು. ಆದರೆ ಆ ಬಳಗದ ಬಹುಪಾಲು ಗಿಡಗಳು ವರ್ಷವಿಡೀ ಹಸಿರಾಗಿದ್ದರೆ, ಇದು ಚಳಿಗಾಲ ಬರುವ ಮುಂಚೆ ತುಕ್ಕಿನ ಬಣ್ಣಕ್ಕೆ ತಿರುಗಿ, ಎಲೆಯನ್ನು ಸಣ್ಣ ಕಡ್ಡಿಯ ಸಮೇತ ಉದುರಿಸಿ ಬೋಳಾಗಿ ನಿಲ್ಲುತ್ತದೆ. ತಿಂಗಳುಗಟ್ಟಲೆ ನೀರಲ್ಲಿ ನಿಂತರೂ ಬೇರು ಕೊಳೆಯುವುದಿಲ್ಲ. ಬುಡದ ಸುತ್ತ ಬೇರಿನಿಂದ ಗೂಟದಂಥ ಗಂಟುಗಳು ನೀರಿನ ಮೇಲೆ ಏಳುತ್ತವೆ. ಅವಕ್ಕೆ ಅಲ್ಲಿಯವರು ಮೊಣಕಾಲು ಎಂದೇ ಹೆಸರಿಟ್ಟಿದ್ದಾರೆ. ಉತ್ತರ ಕೆರೊಲಿನಾದ ಬ್ಲ್ಯಾಕ್ ರಿವರ್ ದಂಡೆಯಲ್ಲಿರುವ ಒಂದು ಗಿಡದ ಉಂಗುರ ಎಣಿಸಿ, ಅದಕ್ಕೆ ಕನಿಷ್ಠ 2,624 ವರ್ಷ ಎಂದು ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದರು. ಬುದ್ಧ ಹುಟ್ಟುವ ಮೊದಲೇ ಅದು ಮೊಳೆತಿತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ವಯಸ್ಸಲ್ಲ, ಆಕಾರ. ಈ ಗಿಡ ಎಳೆಯದಿದ್ದಾಗ ತೇರಿನ ಹಾಗೆ ಮೇಲೆ ಚೂಪು. ನೂರಾರು ವರ್ಷ ಬಿರುಗಾಳಿಗೂ ಸಿಡಿಲಿಗೂ ತಲೆ ಕೊಟ್ಟ ಮೇಲೆ ತುದಿ ಮುರಿದು, ಮೇಲಿನ ಕೆಲವೇ ಟೊಂಗೆಗಳು ಅಡ್ಡಡ್ಡ ಹರಡಿ, ತಲೆ ಚಪ್ಪಟೆಯಾಗುತ್ತದೆ. ಟೆಕ್ಸಾಸ್ ಮತ್ತು ಲೂಸಿಯಾನ ರಾಜ್ಯಗಳ ಗಡಿಯಲ್ಲಿ ಕ್ಯಾಡೋ ಎಂಬ ಕೆರೆ ಇದೆ. ಅಲ್ಲಿ ಇಂಥ ಗಿಡಗಳು ನೀರಿನಲ್ಲೇ ಸಾಲಾಗಿ ನಿಂತಿವೆ. ಬೊನ್ಸಾಯ್ ಕಲೆ ಜಪಾನಿನಿಂದ ಅಮೆರಿಕಕ್ಕೆ ಹೋದಾಗ ಅಲ್ಲಿಯವರೂ ಮೊದಲು ನನ್ನ ಹಾಗೇ ಮಾಡಿದರು, ಸೈಪ್ರೆಸ್‌ಗೆ ಪೈನ್‌ನ ತ್ರಿಕೋನ ತೊಡಿಸಿದರು. ಆಮೇಲೆ ನ್ಯೂ ಓರ್ಲಿಯನ್ಸ್‌ನ ವಾನ್ ಬ್ಯಾಂಟಿಂಗ್ ಎಂಬವರು ತಮ್ಮ ಊರಿನ ಸುತ್ತಲ ಜವುಗಿನಲ್ಲಿ ನಿಂತ ಮುದಿ ಗಿಡಗಳನ್ನು ನೋಡಿ, ಆ ಚಪ್ಪಟೆ ತಲೆಯನ್ನೇ ಕುಂಡದಲ್ಲಿ ಮಾಡಿ ತೋರಿಸಿದರು. ಇಂದು ಬಾಲ್ಡ್ ಸೈಪ್ರೆಸ್ ಬೊನ್ಸಾಯ್ ಅಂದರೆ ಆ ಚಪ್ಪಟೆ ತಲೆಯೇ ಮೊದಲು ಕಣ್ಣಿಗೆ ಬರುತ್ತದೆ. ಜಪಾನಿನ ಯಾವ ಹಳೆಯ ಪುಸ್ತಕವೂ ಅವರಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ. ಅವರೂರಿನ ಜವುಗೇ ಹೇಳಿಕೊಟ್ಟಿತು.

ಜರ್ಮನಿಯಲ್ಲಿರುವ ವಾಲ್ಟರ್ ಪಾಲ್ ಎಂಬ ಬೊನ್ಸಾಯ್ ಕಲಾವಿದರು ಹೇಳುತ್ತ ಬಂದದ್ದೂ ಇದೇ ದಾರಿಯ ಮಾತು. ಕುಂಡದ ಗಿಡ ಇನ್ನೊಂದು ಕುಂಡದ ಗಿಡದಂತೆ ಕಾಣಬಾರದು, ಕಾಡಿನಲ್ಲಿ ತನ್ನ ಪಾಡಿಗೆ ತಾನು ಬೆಳೆದ ಗಿಡದಂತೆ ಕಾಣಬೇಕು. ಇದಕ್ಕೆ ಸಹಜ ಶೈಲಿ ಅನ್ನುತ್ತಾರೆ. ಕತ್ತರಿ ಆಡಿದ ಗುರುತು ಕಾಣದ ಹಾಗೆ ಕತ್ತರಿ ಆಡಿಸುವುದು. ಕೈಯ ಕೆಲಸ ಕಡಿಮೆಯಾಗುವುದಿಲ್ಲ, ಕಣ್ಣಿನ ಕೆಲಸ ಹೆಚ್ಚಾಗುತ್ತದೆ.

ನಾನು ಇದನ್ನೆಲ್ಲ ಹೇಳಿದಾಗ “ಹಂಗಾರ ಬಿಳಿಜಾಲಿ ನೋಡಿ ಬರೋಣ ನಡೀರಿ” ಅಂದರು ಕಾಕಾ. ಮರುದಿನವೇ ಹೊರಟೆವು.

ಮಕ್ತಲ್‌ನಿಂದ ಪಂಚದೇವ ಪಹಾಡಕ್ಕೆ ಹೋಗಿ, ಅಲ್ಲಿ ಕೃಷ್ಣೆಯ ದಂಡೆಯಲ್ಲಿ ತೆಪ್ಪ ಹತ್ತಿದರೆ ಕುರುವಪುರ. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರ. ದಂಡೆಯ ಈಚೆ ತೆಲಂಗಾಣ, ನಡುಗಡ್ಡೆ ರಾಯಚೂರು ಜಿಲ್ಲೆಯದು. ತೆಪ್ಪದವನು ಈಚೆ ತೆಲುಗಿನಲ್ಲಿ ದುಡ್ಡು ಕೇಳಿ ಆಚೆ ಕನ್ನಡದಲ್ಲಿ ಚಿಲ್ಲರೆ ಕೊಡುತ್ತಾನೆ. ಆ ದಾರಿಯ ಬೀಳು ಭೂಮಿಯಲ್ಲಿ ಬಿಳಿಜಾಲಿ ಇದೆ. ತೆಲುಗಿನವರು ಅದಕ್ಕೆ ತೆಲ್ಲ ತುಮ್ಮ ಅನ್ನುತ್ತಾರೆ. ತೊಗಟೆ ಮಾಸಲು ಬಿಳಿ, ಮುಳ್ಳು ನೆಟ್ಟಗೆ. ಮುದಿಯಾದಂತೆ ತಲೆ ಚಪ್ಪಟೆಯಾಗಿ ಕೊಡೆಯಂತೆ ಹರಡುತ್ತದೆ. ನಾವು ಒಂದು ಗಿಡದ ಕೆಳಗೆ ಕೂತು ಮೇಲೆ ನೋಡಿದೆವು. ಕೆಳಗೆ ಒಂದೂ ಟೊಂಗೆ ಇಲ್ಲ. ಇದ್ದವನ್ನು ಕುರುಬರು ಕುರಿಗೆ ತಪ್ಪಲು ಹಾಕಲು ಕಡಿದಿದ್ದರು. ಕಡಿದ ಕಡೆಯೆಲ್ಲ ಗಂಟು. ಮೇಲೆ ಮೂರು ಟೊಂಗೆ, ಮೊದಲು ಮುಗಿಲಿಗೆ ಏರಿ ಆಮೇಲೆ ಅಡ್ಡಕ್ಕೆ ತಿರುಗಿದ್ದವು. ಹೂಸ್ಟನ್ನಿನ ಹುಡುಗ ಬೋಗುಣಿಯಲ್ಲಿ ಮಾಡಿದ್ದು ಇದೇ ನಿಲುವು. ಅಲ್ಲಿ ಬಿರುಗಾಳಿ ಮಾಡಿದ ಕೆಲಸವನ್ನು ಇಲ್ಲಿ ಬಿಸಿಲೂ ಕುಡಗೋಲೂ ಸೇರಿ ಮಾಡಿವೆ.

ಅಂದಿನಿಂದ ನನ್ನ ಪುಸ್ತಕ ಈ ಸೀಮೆಯ ಗಿಡಗಳೇ.

ಹುಣಸೆಯನ್ನೇ ನೋಡಿ. ಕಾಂಡ ಗಿಡ್ಡ, ದಪ್ಪ. ತಲೆ ತ್ರಿಕೋನವಲ್ಲ, ಬುಟ್ಟಿ ಬೋರಲು ಹಾಕಿದ ಹಾಗೆ ದುಂಡಗೆ. ಟೊಂಗೆಗಳು ಮೊದಲು ಮೇಲೇರಿ, ತುದಿಯಲ್ಲಿ ತಮ್ಮ ಭಾರಕ್ಕೆ ತಾವೇ ಜೋಲುತ್ತವೆ. ಹೊಲದ ಹುಣಸೆಯ ಕೆಳ ಅಂಚು ಕತ್ತರಿಸಿದಂತೆ ಸಮ ಇರುತ್ತದೆ, ದನದ ಬಾಯಿ ಎಲ್ಲಿಗೆ ಎಟುಕುತ್ತದೋ ಅಲ್ಲಿಗೆ. ವಯಸ್ಸಾದ ಹುಣಸೆಯ ಒಡಲು ಟೊಳ್ಳಾಗುತ್ತದೆ. ದೇವನಹಳ್ಳಿಯ ಹತ್ತಿರ ನಲ್ಲೂರಿನ ಹುಣಸೆ ತೋಪಿಗೆ ಒಮ್ಮೆ ಹೋಗಿ ಬನ್ನಿ. 54 ಎಕರೆಯ ತೋಪು, 2007ರಲ್ಲಿ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಸಾರಿದರು. ಅಲ್ಲಿ ಒಂದೇ ಬುಡದ ಕಾಂಡ ಸೀಳಿ, ತಿರುಚಿಕೊಂಡು, ನಡುವೆ ಮನುಷ್ಯ ನಿಲ್ಲುವಷ್ಟು ಟೊಳ್ಳಾಗಿ, ಆದರೂ ಮೇಲೆ ಹಸಿರಾಗಿ ನಿಂತ ಗಿಡಗಳಿವೆ. ಹುಣಸೆ ಬೊನ್ಸಾಯ್ ಮಾಡುವವರಿಗೆ ಅದಕ್ಕಿಂತ ದೊಡ್ಡ ಶಾಲೆ ಇಲ್ಲ. ಎಲೆ ಹೇಗೂ ಸಣ್ಣದು, ಕುಂಡದ ಅಳತೆಗೆ ಹೇಳಿ ಮಾಡಿಸಿದಂತಿದೆ. ಸಂಜೆಗೆ ಎಲೆ ಮುಚ್ಚಿಕೊಂಡಾಗ ಕುಂಡದ ಹುಣಸೆಯೂ ಹೊಲದ ಹುಣಸೆಯ ಹಾಗೇ ನಿದ್ದೆಗೆ ಜಾರುತ್ತದೆ.

“ಬಾಗಿ ಏನಾಗಬೇಕು” ಎಂಬ ಕಾಕಾನ ಪ್ರಶ್ನೆಗೆ ಈಗ ನಾನು ಉತ್ತರ ಕೊಡಬಲ್ಲೆ. ಟೊಂಗೆ ಮೊದಲು ಏರಬೇಕು, ತುದಿ ಜೋಲಬೇಕು. ನಿಮ್ಮ ಹೊಲದ ಬದುವಿನ ಹುಣಸೆ ಆಗಬೇಕು, ಕಾಕಾ.

ಅರಳಿ, ಬೇವುಗಳ ಎಲುಬು ನೋಡಬೇಕಾದರೆ ಯುಗಾದಿಯ ಮುಂಚಿನ ದಿನಗಳೇ ಸರಿ. ಆಗ ಅವು ಎಲೆ ಉದುರಿಸಿ ನಿಂತಿರುತ್ತವೆ. ಯಾವ ಟೊಂಗೆ ಎಲ್ಲಿಂದ ಒಡೆದಿದೆ, ಎಷ್ಟು ಉದ್ದಕ್ಕೆ ದಪ್ಪ ಎಷ್ಟು ಇಳಿದಿದೆ, ಒಣಗಿದ ಟೊಂಗೆ ಯಾವ ಕಡೆ, ಎಲ್ಲ ಬಯಲಾಗಿರುತ್ತದೆ. ಹದಿನೈದು ದಿನ ತಡ ಮಾಡಿದರೆ ಅರಳಿ ತಾಮ್ರದ ಬಣ್ಣದ ಚಿಗುರು ಹೊದ್ದು ಎಲ್ಲವನ್ನೂ ಮುಚ್ಚಿಬಿಡುತ್ತದೆ. ನಾನು ಆ ದಿನಗಳಲ್ಲಿ ಒಂದು ನೋಟ್‌ಬುಕ್ ಹಿಡಿದು ತಿರುಗುತ್ತೇನೆ. ಚಿತ್ರ ಬರೆಯಲು ಬಾರದಿದ್ದರೂ ಗೀಟು ಎಳೆದರೆ ಸಾಕು, ಕಣ್ಣು ನಿಲ್ಲುತ್ತದೆ. ಹೊಳೆದಂಡೆಯ ಗಿಡಗಳನ್ನು ನೋಡಿದರೆ ಬುಡ ಹರಿವಿನ ಕಡೆಗೆ ವಾಲಿರುತ್ತದೆ, ತಲೆ ಮತ್ತೆ ಬಿಸಿಲಿಗೆ ನೆಟ್ಟಗಾಗಿರುತ್ತದೆ. 2009ರ ಅಕ್ಟೋಬರ್‌ನ ಆ ಮಹಾಪೂರವನ್ನು ನಮ್ಮ ಸೀಮೆಯವರು ಯಾರೂ ಮರೆತಿಲ್ಲ. ದಂಡೆಯ ಗಿಡಗಳೂ ಪೂರವನ್ನು ಮೈಯಲ್ಲಿ ಬರೆದಿಟ್ಟುಕೊಳ್ಳುತ್ತವೆ. ವಾಲಿದ ಬೊನ್ಸಾಯ್ ಮಾಡುವವರು ಆ ಬರಹ ಓದಬೇಕು.

ಬನ್ನಿ ಗಿಡವನ್ನೂ ಹೇಳಬೇಕು. ತೆಲಂಗಾಣದವರಿಗೆ ಅದು ಜಮ್ಮಿ, ಅವರ ರಾಜ್ಯವೃಕ್ಷ. ನಮಗೆ ದಸರೆಯ ಬಂಗಾರ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರಲ್ಲ, ರಸ್ತೆಯ ಬದಿಯ ಬನ್ನಿ, ಬಾರಿ ಗಿಡಗಳನ್ನು ಆಡು ವರ್ಷಾನುಗಟ್ಟಲೆ ಮೇಯ್ದು ಮೇಯ್ದು ಮೊಳಕಾಲೆತ್ತರಕ್ಕೇ ನಿಲ್ಲಿಸಿರುತ್ತದೆ. ಬುಡ ಮಾತ್ರ ತೋಳಿನಷ್ಟು ದಪ್ಪ. ಮನುಷ್ಯ ಕತ್ತರಿ ಹಿಡಿಯುವ ಮೊದಲೇ ಆಡು ಈ ಕೆಲಸ ಮಾಡಿ ತೋರಿಸಿದೆ.

“ಅದೆಲ್ಲ ಖರೆ ಮಾಸ್ತರ್ರ” ಅಂದರು ಕಾಕಾ ಒಂದು ಸಂಜೆ. “ಆದರ ಮುಗಿಲಿಗೆ ಹೋಗೋ ಗಿಡಾನ ಹಿಂಗ ತಡದು ನಿಲ್ಲಸೋದು ಪಾಪ ಅಲ್ಲೇನ್ರಿ?”

ಈ ಮಾತನ್ನು ಬಹಳ ಜನ ಕೇಳುತ್ತಾರೆ. ಕಾಕಾ ಕೇಳಿದಷ್ಟು ನೋವಿನಿಂದ ಕೇಳಿದವರು ಕಡಿಮೆ. ಅವರಿಗೆ ನಾನು ಹೇಳಿದ್ದು ಇಷ್ಟು. ಗಿಡವನ್ನು ಹಸಿವಿನಿಂದ ಸಣ್ಣದು ಮಾಡುವುದಿಲ್ಲ ಕಾಕಾ. ಹಸಿದ ಗಿಡ ಸಾಯುತ್ತದೆ, ಸಣ್ಣದಾಗುವುದಿಲ್ಲ. ಬೇರು ಕತ್ತರಿಸುವುದು ಹೊಸ ಬೇರಿಗೆ, ಚಿಗುರು ಚಿವುಟುವುದು ಸಣ್ಣ ಟೊಂಗೆಗೆ. ಗೊಬ್ಬರ, ನೀರು, ಬಿಸಿಲು ಯಾವುದಕ್ಕೂ ಕೊರತೆ ಇರಬಾರದು. ಹಿರೋಶಿಮಾದ ಯಮಾಕಿ ಮನೆತನದ ಅಂಗಳದಲ್ಲಿ ಒಂದು ಬಿಳಿ ಪೈನ್ ಬೊನ್ಸಾಯ್ ಇತ್ತು. 1625ರಿಂದ ಅದನ್ನು ಕುಂಡದಲ್ಲಿ ಸಾಕುತ್ತಿದ್ದಾರೆ. 1945ರ ಆಗಸ್ಟ್ 6ರ ಅಣುಬಾಂಬಿಗೂ ಗೋಡೆಯ ಮರೆಯಲ್ಲಿ ಅದು ಉಳಿಯಿತು. 1976ರಲ್ಲಿ ಆ ಮನೆತನದವರು ಅದನ್ನು ಅಮೆರಿಕಕ್ಕೇ ಕಾಣಿಕೆ ಕೊಟ್ಟರು. ಇಂದಿಗೂ ವಾಷಿಂಗ್ಟನ್‌ನಲ್ಲಿ ಅದು ಹಸಿರಾಗಿದೆ. ಪೀಳಿಗೆಯಿಂದ ಪೀಳಿಗೆಗೆ ಕೈ ಬದಲಾಗುತ್ತ ನಾನೂರು ವರ್ಷ ನೀರು ಹಾಕಿದ್ದಾರೆ. ಅದನ್ನು ಪಾಪ ಅನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಪಾಪ ಯಾವುದು ಗೊತ್ತೇ? ಕಾಡಿಗೆ ಹೋಗಿ ಒಳ್ಳೆಯ ಬುಡದ ಗಿಡವನ್ನು ಕಿತ್ತು ತಂದು, ಮೂರು ತಿಂಗಳಿಗೆ ಒಣಗಿಸಿ ಎಸೆಯುವುದು. ಅದು ಬೇಡ. ನಮ್ಮ ಊರುಗಳಲ್ಲಿ ಅದರ ಅಗತ್ಯವೂ ಇಲ್ಲ. ಯಾವ ಹಳೆಯ ಬಾವಿಯ ಗೋಡೆ ನೋಡಿದರೂ ಹಕ್ಕಿ ಹಿಕ್ಕೆಯಿಂದ ಹುಟ್ಟಿದ ಆಲ, ಅರಳಿ ಇದ್ದೇ ಇರುತ್ತವೆ.

ಕಾಕಾನ ಹಳೆಯ ಮನೆಯ ಹಿತ್ತಿಲ ಬಾವಿಯಲ್ಲೂ ಒಂದು ಆಲ ಇತ್ತು. ಕಲ್ಲಿನ ಸಂದಿಯಲ್ಲಿ ಎಷ್ಟು ವರ್ಷದಿಂದ ಇತ್ತೋ, ಎತ್ತರ ಒಂದು ಗೇಣು. ಬುಡ ಮಾತ್ರ ನನ್ನ ಮುಷ್ಟಿಯಷ್ಟು. ಬಾವಿ ಮುಚ್ಚಿಸಲು ಆಳು ಬರುವ ಹಿಂದಿನ ದಿನ ನಾವಿಬ್ಬರೂ ಉಳಿ, ಸುತ್ತಿಗೆ ಹಿಡಿದು ಕೂತೆವು. ಗಾರೆಯನ್ನು ಚೂರುಚೂರಾಗಿ ಬಿಡಿಸುತ್ತ ಹೋದ ಹಾಗೆ ಬೇರು ಕಾಣಿಸಿತು. ಅದು ದಾರದಂತಿರಲಿಲ್ಲ, ಲಾಡಿಯಂತೆ ಚಪ್ಪಟೆಯಾಗಿತ್ತು. ಎರಡು ಕಲ್ಲಿನ ನಡುವಿನ ಜಾಗ ಎಷ್ಟಿತ್ತೋ ಅಷ್ಟೇ ತೆಳ್ಳಗೆ ಹಬ್ಬಿ, ಕಲ್ಲಿನ ಒರಟನ್ನೆಲ್ಲ ಮೈಮೇಲೆ ಅಚ್ಚು ಒತ್ತಿಸಿಕೊಂಡಿತ್ತು. ಗಾಯವಾದ ಕಡೆ ಬಿಳಿ ಹಾಲು ಒಸರಿತು. ಕಾಕಾ ತಮ್ಮ ಟವೆಲನ್ನು ನೀರಲ್ಲಿ ಅದ್ದಿ ಬೇರಿಗೆ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎದೆಗೊತ್ತಿ ಮನೆಗೆ ತಂದರು. ಪಾಪದ ಮಾತು ಆಮೇಲೆ ಅವರ ಬಾಯಲ್ಲಿ ಬರಲಿಲ್ಲ.

ಅದಕ್ಕೆ ಹಾಕಿದ ಮಣ್ಣು ಹೀಗಿತ್ತು. ಇಟ್ಟಿಗೆಯ ಚೂರು ಎರಡು ಪಾಲು, ಗರಸು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು. ಮೂರನ್ನೂ ಜರಡಿ ಹಿಡಿದು ಹಿಟ್ಟಿನಂಥ ಧೂಳು ತೆಗೆಯಬೇಕು. ನಮ್ಮ ಎರೆಮಣ್ಣು ಹೊಲಕ್ಕೆ ಬಂಗಾರ, ಕುಂಡಕ್ಕೆ ಆಗದು. ಮಳೆಗೆ ಅಂಟಾಗಿ ನೀರು ಹಿಡಿದಿಡುತ್ತದೆ, ಬೇಸಿಗೆಗೆ ಬಿರಿದು ಬೇರು ಹರಿಯುತ್ತದೆ. ಹೂಸ್ಟನ್ನಿನ ಹುಡುಗ ತನ್ನ ಸೈಪ್ರೆಸ್‌ನ ಕುಂಡವನ್ನು ನೀರಲ್ಲೇ ಇಡುತ್ತಾನೆ, ಅದು ಜವುಗಿನ ಕೂಸು. ಅದನ್ನು ನೋಡಿ ನಾವು ಹುಣಸೆಯನ್ನು ನೀರಲ್ಲಿಟ್ಟರೆ ಎಂಟು ದಿನದಲ್ಲಿ ಬೇರು ನಾರುತ್ತದೆ. ಕುಂಡ ಬದಲಿಸುವುದು ಅಲ್ಲಿ ಚಳಿಗಾಲ ಮುಗಿದು ಮೊಗ್ಗು ಒಡೆಯುವ ಮುಂಚೆ. ಇಲ್ಲಿ ನಾನು ಮಿರಗದ ಮಳೆಗೆ ಕಾಯುತ್ತೇನೆ. ಏಪ್ರಿಲ್, ಮೇ ತಿಂಗಳ 42-43 ಡಿಗ್ರಿ ಬಿಸಿಲಿಗೆ ತಟ್ಟೆಯಂಥ ಕುಂಡ ಕಾದ ಹಂಚಾಗುತ್ತದೆ. ಆಗ ಬೇವಿನ ನೆರಳಿಗೆ ಸರಿಸಿ, ಹೊತ್ತಿಗೆ ಮುಂಚೆ ಒಮ್ಮೆ, ಹೊತ್ತು ಇಳಿದ ಮೇಲೆ ಒಮ್ಮೆ ನೀರು. ತಂತಿಯನ್ನು ವಾರಕ್ಕೊಮ್ಮೆ ನೋಡುತ್ತಿರಬೇಕು. ತೊಗಟೆಗೆ ಕಚ್ಚುವ ಮೊದಲೇ ಬಿಚ್ಚಬೇಕು, ತಿರುವಿ ಎಳೆಯದೆ ತುಂಡು ತುಂಡಾಗಿ ಕತ್ತರಿಸಿ ತೆಗೆಯಬೇಕು.

ಈ ಕೆಲಸದಲ್ಲಿ ನನಗಿಂತ ಕಾಕಾನ ಮಗಳ ಕೈ ಚುರುಕು. ಆಕೆಯನ್ನು ಗದ್ವಾಲದ ಕಡೆಗೆ ಕೊಟ್ಟಿದ್ದಾರೆ. ಕೃಷ್ಣೆ, ತುಂಗಭದ್ರೆಗಳ ನಡುವಿನ ನಡಿಗಡ್ಡ ಸೀಮೆ ಅದು. 1956ರವರೆಗೆ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು, ಬೀಗತನ ಇನ್ನೂ ಹಾಗೇ ನಡೆದಿದೆ. ಆ ಕಡೆ ಹತ್ತಿಯ ಬೀಜೋತ್ಪಾದನೆ ದೊಡ್ಡ ಕಸುಬು. ಮಧ್ಯಾಹ್ನದ ಮೇಲೆ ಸಾಲುಸಾಲಾಗಿ ಹೋಗಿ, ನಾಳೆ ಅರಳುವ ಮೊಗ್ಗನ್ನು ಹುಡುಕಿ, ಅದರ ಒಳಗಿನ ಗಂಡು ಕೇಸರವನ್ನು ಉಗುರಿನಿಂದ ಬಿಡಿಸಿ ತೆಗೆಯಬೇಕು, ಹೆಣ್ಣು ಭಾಗಕ್ಕೆ ಚೂರೂ ಗಾಯವಾಗಬಾರದು. ಮರುದಿನ ಮುಂಜಾನೆ ಬೇರೆ ತಳಿಯ ಹೂವಿನ ಪರಾಗವನ್ನು ಅದಕ್ಕೆ ಸವರಬೇಕು. ಒಂದೊಂದೇ ಹೂವಿಗೆ, ದಿನಕ್ಕೆ ಎಷ್ಟೋ ನೂರು ಸಲ. ಅಂಥ ಬೆರಳು ಹುಣಸೆಯ ಚಿಗುರು ಚಿವುಟಿದರೆ ಗಿಡಕ್ಕೆ ಗೊತ್ತೇ ಆಗುವುದಿಲ್ಲ. ಗದ್ವಾಲದ ಮಗ್ಗದ ಮುಂದೆ ಕೂತವರದೂ ಅಂಥದೇ ಕೈ. ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಎಳೆಗೆ ಎಳೆ ಕೂಡಿಸಿ ನೇಯುತ್ತಾರೆ. ನಾರಾಯಣಪೇಟೆಯಲ್ಲೂ ಮನೆ ಮನೆಯ ಮಗ್ಗದಲ್ಲಿ ಆ ತಾಳ್ಮೆ ಇದೆ. ಬೊನ್ಸಾಯ್ ದೂರದ ಶ್ರೀಮಂತರ ಹವ್ಯಾಸ ಅನ್ನುವವರಿಗೆ ನಾನು ಹೇಳುವುದು ಇದೇ. ಅದಕ್ಕೆ ಬೇಕಾದ ಬೆರಳು ನಮ್ಮ ಊರುಗಳಲ್ಲಿ ಆಗಲೇ ತಯಾರಿದೆ. ಕಣ್ಣೊಂದು ಹೊರಳಬೇಕು.

ಕಣ್ಣು ಹೊರಳಿಸಬೇಕಾದರೆ ಮಹಬೂಬ್‌ನಗರದ ಪಿಲ್ಲಲಮರ್ರಿಗೆ ಹೋಗಬೇಕು. ಪಿಲ್ಲಲು ಅಂದರೆ ಮಕ್ಕಳು, ಮರ್ರಿ ಅಂದರೆ ಆಲ, ಮಕ್ಕಳ ಆಲ. ಸುಮಾರು 700 ವರ್ಷದ್ದು ಅನ್ನುತ್ತಾರೆ, ಮೂರು ಎಕರೆಯಷ್ಟು ಹರಡಿದೆ. ಬಿಳಲು ನೆಲಕ್ಕಿಳಿದು ಕಾಂಡವಾಗಿ, ಆ ಕಾಂಡದ ಟೊಂಗೆಯಿಂದ ಮತ್ತೆ ಬಿಳಲು ಇಳಿದು, ಯಾವುದು ತಾಯಿ ಯಾವುದು ಮಗು ಎಂದು ತಿಳಿಯದು. 2017ರ ಡಿಸೆಂಬರ್‌ನಲ್ಲಿ ಒಂದು ದೊಡ್ಡ ಟೊಂಗೆ ಬಿತ್ತು. ಗೆದ್ದಲು ಒಳಗೆಲ್ಲ ತಿಂದಿತ್ತು. ಜನರನ್ನು ಒಳಗೆ ಬಿಡುವುದು ನಿಲ್ಲಿಸಿ, ಆಸ್ಪತ್ರೆಯಲ್ಲಿ ರೋಗಿಗೆ ಏರಿಸುವ ಹಾಗೆ ಟೊಂಗೆಗಳಿಗೆ ಬಾಟಲಿ ಕಟ್ಟಿ, ಸೂಜಿಯಿಂದ ಹನಿಹನಿಯಾಗಿ ಔಷಧ ಇಳಿಸಿದರು. ವಾಲಿದ ಟೊಂಗೆಗಳಿಗೆ ಸಿಮೆಂಟಿನ ಕಂಬದ ಆಸರೆ ಕಟ್ಟಿದರು. ಗಿಡ ಉಳಿಯಿತು. ಮೂರು ಎಕರೆಯ ಗಿಡಕ್ಕೂ ಒಂದು ಗೇಣಿನ ಗಿಡಕ್ಕೂ ಬೇಕಾದದ್ದು ಒಂದೇ, ಹತ್ತಿರ ನಿಂತು ನೋಡುವ ಮನುಷ್ಯ.

ಅಲ್ಲಿಂದ ಬಂದ ಮೇಲೆ ನಾನು ಬಾವಿಯ ಆಲವನ್ನು ಎತ್ತರಕ್ಕೆ ಬಿಡುವುದನ್ನು ನಿಲ್ಲಿಸಿದೆ. ಆಲ ಎತ್ತರದ ಗಿಡವಲ್ಲ, ಅಗಲದ ಗಿಡ. ಕುಂಡ ಬದಲಿಸಿ ಅಗಲದ್ದಕ್ಕೆ ಹಾಕಿದೆ. ಟೊಂಗೆಗಳನ್ನು ಅಡ್ಡಕ್ಕೆ ನಡೆಸಿದೆ. ಮಳೆಗಾಲದ ತೇವಕ್ಕೆ ಒಂದು ಟೊಂಗೆಯ ಕೆಳಗೆ ಕೆಂಪು ದಾರದಂಥ ಬಿಳಲು ಮೂಡಿತು. ಎಳನೀರು ಕುಡಿಯುವ ಕೊಳವೆಯೊಂದನ್ನು ಉದ್ದಕ್ಕೆ ಸೀಳಿ, ಒದ್ದೆ ತೆಂಗಿನ ನಾರು ತುಂಬಿ, ಆ ಬಿಳಲನ್ನು ಅದರೊಳಗೆ ಇಳಿಬಿಟ್ಟು ಮಣ್ಣಿಗೆ ಮುಟ್ಟಿಸಿದೆ.

ಕಾಕಾಗೆ ನಾನು ಇನ್ನೊಂದು ಕಥೆ ಹೇಳಿದ್ದೆ. ಜಾನ್ ನಾಕಾ ಎಂಬ ಜಪಾನಿ ಮೂಲದ ಅಮೆರಿಕದ ದೊಡ್ಡ ಬೊನ್ಸಾಯ್ ಗುರು ಒಂದೇ ತಟ್ಟೆಯಲ್ಲಿ ಹನ್ನೊಂದು ಜುನಿಪರ್ ಗಿಡಗಳ ಕಾಡು ಮಾಡಿದ್ದರು. ಅವರಿಗೆ ಹನ್ನೊಂದು ಮೊಮ್ಮಕ್ಕಳು, ಒಬ್ಬೊಬ್ಬರಿಗೆ ಒಂದೊಂದು ಗಿಡ. 1984ರಿಂದ ಅದು ವಾಷಿಂಗ್ಟನ್‌ನ ರಾಷ್ಟ್ರೀಯ ವೃಕ್ಷೋದ್ಯಾನದಲ್ಲಿದೆ. ಇದನ್ನು ಕೇಳಿದ ದಿನ ಕಾಕಾ ಏನೂ ಅನ್ನಲಿಲ್ಲ. ಬಿಳಲು ಮಣ್ಣಿಗೆ ಮುಟ್ಟಿದ ದಿನ ಮಾತ್ರ ಗೋಡೆ ಬಳಸಿ ನಮ್ಮ ಅಂಗಳಕ್ಕೇ ಬಂದು, ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು.

“ಈ ಬಿಳಲು ಹೂಸ್ಟನ್ನಿನವನದು ಮಾಸ್ತರ್ರ. ದೂರ ಹೋಗಿ ನೆಲಕ್ಕ ಹತ್ತ್ಯಾನ” ಅಂದರು.

ಗಿಡ ಯಾವುದು ಎಂದು ಈ ಸಲ ಅವರು ಕೇಳಲಿಲ್ಲ.

ಬೊನ್ಸಾಯ್ ನೋಡಬೇಕೆಂದರೆ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಅದಕ್ಕೇ ಒಂದು ತೋಟ ಇದೆ. ಮೈಸೂರಿನ ಅವಧೂತ ದತ್ತ ಪೀಠದಲ್ಲಿ ಕಿಷ್ಕಿಂಧಾ ಮೂಲಿಕಾ ಎಂಬ ಬೊನ್ಸಾಯ್ ವನ ಇದೆ. ಕುರುವಪುರಕ್ಕೆ ನಡೆದುಕೊಳ್ಳುವ ನಮ್ಮ ಕಡೆಯ ದತ್ತಭಕ್ತರು ಮೈಸೂರಿಗೆ ಹೋದಾಗ ಅದನ್ನೂ ನೋಡಿ ಬರುತ್ತಾರೆ. ನೀವೂ ನೋಡಿ, ಕೈಚಳಕ ಕಲಿಯಿರಿ. ಆದರೆ ನಿಲುವನ್ನು ಅಲ್ಲಿಂದ ತರಬೇಡಿ. ಕತ್ತರಿ ಕೊಳ್ಳುವ ಮೊದಲು, ತಂತಿ ಕೊಳ್ಳುವ ಮೊದಲು, ನಿಮ್ಮೂರಿನ ಒಂದು ಮುದಿ ಗಿಡದ ಕೆಳಗೆ ಹೋಗಿ ಒಂದು ತಾಸು ಸುಮ್ಮನೆ ಕೂಡಿರಿ. ಟೊಂಗೆ ಎಲ್ಲಿ ಏರುತ್ತದೆ, ಎಲ್ಲಿ ಬಾಗುತ್ತದೆ ನೋಡಿರಿ. ಕುಂಡದಲ್ಲಿ ಒಂದು ಹುಣಸೆ ಬೆಳೆಸಿದರೆ ಹೊಲದ ಬದುವಿನ ಮೇಲೆ ಎರಡು ಹುಣಸೆ ನೆಡಿರಿ. ಹೊಲದಾಗಿನ ಗಿಡ ಹೋಯಿತೆಂದರೆ, ಕುಂಡದಾಗಿನ ಗಿಡ ಯಾರನ್ನು ನೋಡಿ ಬೆಳೆಯಬೇಕು?